ಗೋಡೆಯ ಹಾಳೆಯಿಂದ ಬಿಟ್ಟುಹೋದ ಪದ

ಕಾಕಾ,

ಎಂಬಿಬಿಎಸ್ ಮುಗಿಸಿ, ಕೈ ಪಳಗಿಸಿಕೊಳ್ಳಲೆಂದು ಕೊಪ್ಪಳದ ನಿಮ್ಮ ಚಿಕ್ಕ ದವಾಖಾನೆಗೆ ನಾನು ಬಂದ ವರ್ಷ ನೆನಪಿದೆಯೇ? ಹಾವು ಕಚ್ಚಿದವರಿಗೆ ಹೇಗೆ ಚಿಕಿತ್ಸೆ ಕೊಡಬೇಕೆಂದು ತಜ್ಞರು ಸೇರಿ ಬರೆದ ಮಾರ್ಗಸೂಚಿಯನ್ನು ನಿಮ್ಮ ಮೇಜಿನ ಮೇಲಿಟ್ಟಿದ್ದೆ. ನೀವು ಅದನ್ನು ಹಿಂದಿನಿಂದ ಓದತೊಡಗಿದಿರಿ. ಯಾವ ಸಲಹೆಗೆ ಏನು ಆಧಾರ ಎಂದು ಸಣ್ಣ ಅಕ್ಷರದಲ್ಲಿ ಹಾಕಿದ್ದನ್ನು ಬೆರಳಿಟ್ಟು ನೋಡುತ್ತಾ, "ಕೆಲವಕ್ಕ ಗಟ್ಟಿ ಪುರಾವೆ ಐತಿ. ಕೆಲವು, ದೊಡ್ಡವರು ಕುಂತು ಹಿಂಗಿರಲಿ ಅಂದದ್ದು. ಎರಡೂ ಒಂದ ಅಕ್ಷರದಾಗ ಅಚ್ಚಾಗಿರ್ತಾವು ನೋಡವಾ, ಅದ ತೊಡಕು," ಎಂದಿರಿ. ಇನ್ನೇನು ಪುಸ್ತಕ ಮೂಲೆ ಸೇರಿತು ಎಂದುಕೊಂಡೆ. ಮರುದಿನ ಬಂದು ನೋಡಿದರೆ ನೀವು ಅದರಲ್ಲಿ ಹೇಳಿದ್ದ ರಕ್ತಪರೀಕ್ಷೆಗೆಂದು ಆಳನ್ನು ಕಳಿಸಿ ಹೊಸ ಗಾಜಿನ ನಳಿಕೆಗಳನ್ನು ತರಿಸಿದ್ದಿರಿ.

ಹುಲುಗಪ್ಪನನ್ನು ಕರೆತಂದ ಮಧ್ಯಾಹ್ನ ಕಣ್ಣಿಗೆ ಕಟ್ಟಿದಂತಿದೆ. ಮುನಿರಾಬಾದಿನ ಕಡೆಯವನು, ಗದ್ದೆಯ ಬದುವಿನಲ್ಲಿ ಹಾವು ಕಚ್ಚಿತ್ತು. ಅಲ್ಲಿಯವರೆಗೆ ನೀವು ಹಾವು ಎಂದ ಕೂಡಲೆ ಪ್ರತಿವಿಷ ಹಾಕುವವರು. ಅಂದು ಮಾತ್ರ ಅವನ ರಕ್ತ ತೆಗೆದು ಗಾಜಿನ ನಳಿಕೆಗೆ ಹಾಕಿ, ಅಲುಗಾಡದಂತೆ ಮೇಜಿನ ಮೇಲೆ ನಿಲ್ಲಿಸಿ, ಎದುರಿಗೆ ಕುಳಿತುಬಿಟ್ಟಿರಿ. ಇಪ್ಪತ್ತು ನಿಮಿಷ ಬಿಟ್ಟು ವಾಲಿಸಿದಾಗ ರಕ್ತ ಹೆಪ್ಪುಗಟ್ಟಿದ್ದರೆ ವಿಷ ರಕ್ತವನ್ನು ಕೆಡಿಸಿಲ್ಲ. ನೀರಾಗಿಯೇ ಇದ್ದರೆ ಕೂಡಲೆ ಮದ್ದು ಬೇಕು. ಹುಲುಗಪ್ಪನ ಅಣ್ಣ ಬಾಗಿಲಲ್ಲಿ ನಿಂತು, "ಮನಷ್ಯಾ ಸಾಯಾಕತ್ತಾನ, ನೀವು ಸೀಸೆ ನೋಡ್ಕೋತ ಕುಂತೀರಲ್ರಿ ಸಾಹೇಬ್ರ," ಎಂದ. ನೀವು ನಳಿಕೆಯಿಂದ ಕಣ್ಣು ತೆಗೆಯಲಿಲ್ಲ. ನಳಿಕೆ ವಾಲಿಸಿದಾಗ ರಕ್ತ ಗಟ್ಟಿಯಾಗಿ ನಿಂತಿತ್ತು. ಮರುದಿನದವರೆಗೆ ಇಟ್ಟುಕೊಂಡು, ಕಣ್ಣು, ಉಸಿರು, ಊತ ಎಲ್ಲ ನೋಡುತ್ತಾ, ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಿ, ಒಂದು ಹನಿ ಪ್ರತಿವಿಷವೂ ಇಲ್ಲದೆ ಅವನನ್ನು ಮನೆಗೆ ಕಳಿಸಿದಿರಿ. ಆ ಸಂಜೆ ನಿಮ್ಮ ಮುಖದಲ್ಲಿದ್ದದ್ದು ಹೆಮ್ಮೆಯಲ್ಲ, ಹೊಸ ಆಟ ಕಲಿತ ಹುಡುಗನ ಬೆರಗು. ಆ ವಯಸ್ಸಿನಲ್ಲಿ ಕೈಗೆ ಹತ್ತಿದ ರೂಢಿಯನ್ನು ಬಿಡುವುದು ನಿಮಗೆ ಅಷ್ಟು ಸುಲಭ ಹೇಗಾಯಿತು? ಕೇಳಬೇಕೆಂದಿದ್ದೆ. ಅಷ್ಟರಲ್ಲಿ ನೀವು...

ಲಕ್ಷ್ಮವ್ವ ಬಂದದ್ದು ನೀವು ತೀರಿಹೋದ ಮೇಲಿನ ಮಾತು. ಆಗ ನಾನು ಗಂಗಾವತಿ ಕಡೆಯ ಒಂದು ಆಸ್ಪತ್ರೆ ಸೇರಿದ್ದೆ. ಅಳವಂಡಿಯಿಂದ ಭತ್ತದ ನಾಟಿಗೆ ಬಂದ ಹೆಂಗಸರ ಗುಂಪಿನಲ್ಲಿ ಆಕೆಯೂ ಇದ್ದಳು; ಗದ್ದೆಯಲ್ಲಿ ಹಾವು ಕಚ್ಚಿತೆಂದು ಕರೆತಂದಿದ್ದರು. ಪಾದದ ಮೇಲೆ ಎರಡು ಗೀರು, ಊತವಿಲ್ಲ, ಒಸಡಿನಲ್ಲಿ ರಕ್ತವಿಲ್ಲ, ಮಾತು ಸ್ಪಷ್ಟ. ಆದರೆ ನಳಿಕೆಯಲ್ಲಿ ರಕ್ತ ಹೆಪ್ಪುಗಟ್ಟಲಿಲ್ಲ. ಮಾರ್ಗಸೂಚಿಯ ಸಾರ ಬರೆದು ಗೋಡೆಗೆ ಅಂಟಿಸಿದ್ದ ಕನ್ನಡದ ಹಾಳೆಯಲ್ಲಿ ಇದ್ದಂತೆಯೇ ಪ್ರತಿವಿಷ ಶುರುಮಾಡಿದೆವು. ಸ್ವಲ್ಪ ಹೊತ್ತಿಗೆ ಮೈತುಂಬ ದದ್ದು ಎದ್ದವು, ಉಸಿರು ಕಟ್ಟಿತು, ನಾಡಿ ಬೆರಳಿಗೆ ಸಿಗದಾಯಿತು. ಮದ್ದೇ ಮೈಗೆ ಒಗ್ಗಿರಲಿಲ್ಲ. ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಕಣ್ಣು ತೆರೆದು ನೀರು ಕೇಳಿದಳು. ಆಕೆ ಉಳಿದಳು, ನನ್ನ ತಲೆಯಲ್ಲಿ ಒಂದು ಪ್ರಶ್ನೆಯೂ ಉಳಿಯಿತು. ವಿಷದ ಒಂದು ಗುರುತೂ ಮೈಮೇಲೆ ಇಲ್ಲದಿರುವಾಗ ರಕ್ತ ಮಾತ್ರ ಹಾಗೇಕೆ ನೀರಾಗಿತ್ತು? ಹಿಂದೆ ಬಂದ ರೋಗಿಗಳನ್ನು ನೆನಪಿಸಿಕೊಂಡರೆ, ಅಂಥವರು ಇನ್ನೂ ಕೆಲವರಿದ್ದರು.

ನನ್ನ ತೋಳಿಗೆ ನಾನೇ ಪಟ್ಟಿ ಕಟ್ಟಿಕೊಂಡು ಕುಳಿತದ್ದನ್ನು ನೀವು ನೋಡಿದ್ದರೆ ನಗುತ್ತಿದ್ದಿರಿ. ನಮ್ಮ ಹಿರಿಯ ನರ್ಸ್ ಗಿರಿಜಕ್ಕನಿಗೆ, ನನ್ನ ರಕ್ತ ತೆಗೆದು ಅದೇ ನಳಿಕೆಗಳಲ್ಲಿ ಒಂದಕ್ಕೆ ಹಾಕಲು ಹೇಳಿದೆ. ಯಾವ ಹಾವೂ ನನ್ನನ್ನು ಕಚ್ಚಿರಲಿಲ್ಲ. ಆದರೂ ಹೊತ್ತಾದ ಮೇಲೆ ವಾಲಿಸಿದರೆ ಅದು ಸರಾಗವಾಗಿ ಹರಿಯಿತು. "ಅಯ್ಯ, ಮೇಡಂ, ನಿಮಗೇನಾಗೈತಿ?" ಎಂದು ಗಿರಿಜಕ್ಕ ಗಾಬರಿಯಾದರು. ಇಬ್ಬರೂ ನಳಿಕೆಯನ್ನೇ ನೋಡಿದೆವು. ಅದನ್ನು ಹೇಗೆ ತೊಳೆಯುತ್ತೀರಿ ಎಂದು ಕೇಳಿದೆ. ಶುಚಿಯಾಗಿರಬೇಕಲ್ಲ, ಸೋಪಿನ ಪುಡಿ ಹಾಕಿ ಉಜ್ಜಿ, ಒಣಗಿಸಿ ಇಡುತ್ತೇವೆ ಎಂದರು. ಅಂಗಡಿಯಿಂದ ಹೊಸದೊಂದನ್ನು ತರಿಸಿ ಮತ್ತೆ ನನ್ನ ರಕ್ತ ಹಾಕಿದೆವು. ಈ ಸಲ ಹೆಪ್ಪುಗಟ್ಟಿತು. ಗಾಜು ತಾಗಿದರೆ ರಕ್ತ ಹೆಪ್ಪುಗಟ್ಟತೊಡಗುತ್ತದೆ, ಸೋಪಿನ ಪಸೆ ಉಳಿದರೆ ಅದಾಗುವುದಿಲ್ಲ ಎಂದು ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಲಕ್ಷ್ಮವ್ವನಿಗೆ ಆ ಮದ್ದು ಬೇಕೇ ಇರಲಿಲ್ಲವೇನೋ.

ಮೂಲ ಪುಸ್ತಕವನ್ನು ಗೋಡೆಯ ಹಾಳೆಯ ಪಕ್ಕದಲ್ಲಿ ಹಿಡಿದು ಓದಿದ ಆ ಗಳಿಗೆ ನಿಮಗಿಷ್ಟವಾಗುತ್ತಿತ್ತು. ಪುಸ್ತಕದಲ್ಲಿ 'ಹೊಸ, ಶುಚಿಯಾದ, ಒಣಗಿದ ಗಾಜಿನ ನಳಿಕೆ' ಎಂದಿತ್ತು. ಹಾಳೆಯಲ್ಲಿ 'ಶುಚಿಯಾದ, ಒಣಗಿದ ಗಾಜಿನ ನಳಿಕೆ' ಎಂದಷ್ಟೇ ಇತ್ತು. ಯಾರೋ ಜಾಗ ಉಳಿಸಲು 'ಹೊಸ' ಎಂಬುದನ್ನು ಬಿಟ್ಟಿರಬೇಕು. ಶುಚಿ ಎಂದ ಮೇಲೆ ಹೊಸದೇ ಆಗಬೇಕೆ ಎಂದುಕೊಂಡಿರಬಹುದು. ಗಿರಿಜಕ್ಕ ಹಾಳೆ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿದರು, ನಾವೂ ಮಾಡಿದೆವು. ವಿಚಿತ್ರ ನೋಡಿ ಕಾಕಾ, ಯಾರೂ ಮಾರ್ಗಸೂಚಿಯನ್ನು ಮೀರಲಿಲ್ಲ. ದೊಡ್ಡ ಪುಸ್ತಕ ಎಷ್ಟೇ ಒಳ್ಳೆಯದಿರಲಿ, ನಮ್ಮ ಕೈಗೆ ಬರುವುದು ಅದರ ಸಾರದ ಸಾರ. ಹಾಗಾದರೆ ಮಾರ್ಗಸೂಚಿಯ ಗುಣ ಅಳೆಯಬೇಕಾದದ್ದು ಎಲ್ಲಿ? ಬರೆದವರ ಮೇಜಿನ ಮೇಲೋ, ಗಿರಿಜಕ್ಕ ನಳಿಕೆ ತೊಳೆಯುವ ನಲ್ಲಿಯ ಕೆಳಗೋ?

ಹಾಳೆ ತಿದ್ದಲು ಸಭೆ ಕರೆದ ದಿನವನ್ನು ಹೇಳದಿದ್ದರೆ ಈ ಪತ್ರ ಪೂರ್ತಿಯಾಗದು. ನಾನು ಬರೆದು ಕಳಿಸಿದ್ದನ್ನು ಮೇಲಿನವರು ಪರೀಕ್ಷಿಸಿ ನೋಡಿ ಒಪ್ಪಿದರು. ಕುಷ್ಟಗಿ, ಯಲಬುರ್ಗಾ ಕಡೆಯ ವೈದ್ಯರೂ ಬಂದರು. ಗಿರಿಜಕ್ಕನನ್ನೂ ಲಕ್ಷ್ಮವ್ವನನ್ನೂ ಕರೆಯೋಣ ಎಂದು ನಾನು ಹಟ ಹಿಡಿದೆ. ರೋಗಿ ಯಾಕೆ ಎಂದು ಒಬ್ಬರು ಕೇಳಿದರು; ಏನು ಹೇಳುತ್ತಾಳೋ ಎಂಬ ಕುತೂಹಲವಷ್ಟೇ ನನಗಿತ್ತು. ಲಕ್ಷ್ಮವ್ವ ಸೆರಗು ಹೊದ್ದು ಕುಳಿತು ಎಲ್ಲ ಕೇಳಿಸಿಕೊಂಡಳು. ಹಾಳೆಗೆ 'ಹೊಸ' ಎಂಬುದು ಸೇರಿತು. 'ಸೋಪಿನಲ್ಲಿ ತೊಳೆದದ್ದು ಬೇಡ' ಎಂಬ ಸಾಲೂ ಸೇರಿತು. ಕೊನೆಗೆ ಆಕೆ ಬಾಯಿ ಬಿಟ್ಟಳು. "ನನಗ ಹಾವಿಗಿಂತ ನೀವು ಸುಮ್ನ ಕುಂತದ್ದ ಅಂಜಿಕಿ ಹಚ್ಚಿತ್ರಿ. ಯಾಕ ಕುಂತೀವಿ ಅಂತ ಯಾರೂ ಹೇಳಲಿಲ್ಲ. ಅದನ್ನೂ ಬರೀರಿ."

ಬರೆದೆವು. 'ಕಾಯುವಾಗ, ಯಾಕೆ ಕಾಯುತ್ತಿದ್ದೇವೆ ಎಂದು ಮನೆಯವರಿಗೆ ತಿಳಿಸಿ' ಎಂದು. ಇದಕ್ಕೆ ಯಾವ ಅಧ್ಯಯನದ ಬಲವಿದೆಯೋ ನನಗೆ ಗೊತ್ತಿಲ್ಲ. ಈ ಹಾಳೆಯಿಂದ ಏನು ಬದಲಾಯಿತು ಎಂದು ಮಳೆಗಾಲ ಮುಗಿದ ಮೇಲೆ ಮತ್ತೆ ಕುಳಿತು ನೋಡುತ್ತೇವೆ, ತಪ್ಪಿದ್ದರೆ ತಿದ್ದುತ್ತೇವೆ. ಇದು ನಿಮಗೆ ಕೊಡುವ ಮಾತು.

ಮೊನ್ನೆ ವಿರೂಪಾಪುರಗಡ್ಡೆಯಿಂದ ಹಾವು ಕಚ್ಚಿದ ಒಬ್ಬನನ್ನು ಕರೆತಂದರು. ರಕ್ತವನ್ನು ಹೊಸ ನಳಿಕೆಗೆ ಹಾಕಿ, ಅವನ ಹೆಂಡತಿಯ ಪಕ್ಕ ಕುಳಿತು, ಯಾಕೆ ಕಾಯುತ್ತಿದ್ದೇವೆ ಎಂದು ಹೇಳಿದೆ. ಆಕೆ ತಲೆಯಾಡಿಸಿ ಎದ್ದುಹೋಗಿ ಮೇಜಿನ ಪಕ್ಕ ನಿಂತಳು. ಹಿಂಬಾಲಿಸಿ ಬಂದ ನೆಂಟರು ಒಳಗೆ ನುಗ್ಗಿದಾಗ ಕೈ ಅಡ್ಡ ಹಿಡಿದು, "ದೂರ ನಿಲ್ರಿ, ಅದನ್ನ ಅಲುಗಾಡಿಸಬಾರದು," ಎಂದಳು. ಎಲ್ಲರೂ ನಿಂತರು. ಹೊತ್ತಾದ ಮೇಲೆ ನಳಿಕೆ ವಾಲಿಸಿದೆ. ರಕ್ತ ನೀರಿನಂತೆ ಹರಿಯಿತು. ಈ ಸಲ ಅನುಮಾನವಿರಲಿಲ್ಲ; ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧವಿಟ್ಟುಕೊಂಡು ಪ್ರತಿವಿಷ ಹಾಕಿದೆವು.

ಇವತ್ತು ಬೆಳಿಗ್ಗೆ ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಹೋದ, ಕಾಕಾ.

ನಿಮ್ಮ
ಸುಮಾ