ಮೋಡದ ಮೇಲೆ ನಮ್ಮ ನೆರಳು

ಅಂಡಮಾನ್, ಮಧ್ಯಾಹ್ನ

ಚಿಕ್ಕಪ್ಪನಿಗೆ ದೇವಿಕಾಳ ನಮಸ್ಕಾರ. ನನ್ನ ನೆಗಡಿ ವಾಸಿಯಾಗಿದೆ. ಮಾಳಿಗೆ ಹತ್ತಿ ವಿಮಾನ ನೋಡುವ ನಿಮಗೇ ಇದನ್ನು ಬರೆಯಬೇಕೆನಿಸಿತು.

ಇವತ್ತು ನಾನು ಗಗನಸಖಿಯಾಗಿ ಬಂದ ವಿಮಾನದಲ್ಲಿ ಹಿರಿಯೂರಿನ ಉಚ್ಚಂಗಮ್ಮ ಎಂಬ ಅಜ್ಜಿ ಇದ್ದರು. ಮೊದಲ ಸಲ ಹತ್ತಿದ್ದ ಭಯಕ್ಕೆ ಕಣ್ಣು ಬಿಟ್ಟಿರಲೇ ಇಲ್ಲ. ಕಿಟಕಿಯಾಚೆ ಮೋಡದ ಮೇಲೆ ವಿಮಾನದ ನೆರಳು, ಅದರ ಸುತ್ತ ಬಳೆಯಂಥ ಕಾಮನಬಿಲ್ಲು!

"ಅಜ್ಜಿ, ನೋಡ್ರಿ, ಅದು ನಾವೇ" ಎಂದೆ.

ಅಜ್ಜಿ ಮೆಲ್ಲಗೆ ಒಂದು ಕಣ್ಣು ತೆರೆದರು. "ನಾವು ಇಳಿದ್ರೆ ಅದೂ ಇಳಿತೈತೇನವ್ವ?"

"ನನಗೂ ಗೊತ್ತಿಲ್ಲ, ನೀವೇ ನೋಡಿ ಹೇಳ್ರಿ" ಎಂದೆ. ಇಳಿಯುವ ಹೊತ್ತಾಗಿತ್ತು, ನನ್ನ ಸೀಟಿಗೆ ಹೋಗಿ ಬೆಲ್ಟ್ ಹಾಕಿಕೊಂಡೆ.

ಅಜ್ಜಿ ಕಿಟಕಿ ಬಿಡಲಿಲ್ಲ. ನೆರಳು ಸಮುದ್ರದ ಮೇಲೆ ದೊಡ್ಡದಾಗುತ್ತಾ ಓಡಿಬಂತು. ಚಕ್ರ ನೆಲ ಮುಟ್ಟಿದಾಗ ಇಡೀ ವಿಮಾನಕ್ಕೆ ಅವರ ಕೂಗು ಕೇಳಿಸಿತು: "ಬಂದು ಸೇರ್ಕಂತು ಕಣವ್ವಾ!"

ನಮ್ಮ ಸಿಬ್ಬಂದಿಯ ವ್ಯಾನ್ ಬಂತು, ಹೊರಟೆ.

ದೇವಿಕಾ