ಹಿಂದೆ ತಿರುಗಿಸಿದ ಮುಳ್ಳು

ರೀ,

ನಾವು ಹೊರಟೆವು. ನಿಮ್ಮನ್ನು ಎಬ್ಬಿಸಲಿಲ್ಲ. ಮುಸುಕಿನೊಳಗಿಂದ ನೀವು ಇಣುಕಿದ್ದು ಕಂಡಿತು.

ನನ್ನ ಅಣ್ಣನ ಮನೆಗೆ ಹೋಗುವ ದಿನವೇ ನಿಮಗೆ ಸೊಂಟ ಹಿಡಿಯುವುದು ಹೊಸದಲ್ಲ. ಎಂಟರ ಬಸ್ಸು ತಪ್ಪಲೆಂದು ಗೋಡೆ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದಿರಲ್ಲ, ಅದು ಹೊಸದು. ಆದರೆ ನಿಮ್ಮ ರಿಪೇರಿ ಮೇಜಿನ ಮೇಲಿದ್ದ ಗಿರಾಕಿಗಳ ಐದು ಗಡಿಯಾರಗಳನ್ನು ಮರೆತಿರಿ. ಗೋಡೆಯದು ಆರು ತೋರಿಸುವಾಗ ಅವು ಐದೂ ಒಟ್ಟಿಗೆ ಏಳು ಹೊಡೆದವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು. "ಸುಳ್ಳು ಹೇಳೋದೂ ಸರಿಯಾಗಿ ಬರಲ್ಲ ಇವನಿಗೆ" ಅಂದರು ನಿಮ್ಮಮ್ಮ. ಅವರೂ ನನ್ನ ಜೊತೆಗೇ ಬರುತ್ತಿದ್ದಾರೆ.

ಊಟ ಮುಚ್ಚಿಟ್ಟಿದ್ದೇನೆ. ಮುಚ್ಚಳ ತೆಗೆಯಲು ಸೊಂಟ ಬೇಕಾಗಿಲ್ಲ. ಸಂಜೆ ಹಿತ್ತಲ ಬಟ್ಟೆ ಒಳಗೆ ತನ್ನಿ. ಯಾರೂ ನೋಡದಿದ್ದಾಗ ನೀವು ಚೆನ್ನಾಗಿಯೇ ಬಗ್ಗುತ್ತೀರಿ.

ಯಾಕೆ ಬರಲಿಲ್ಲವೆಂದು ನನಗೆ ಗೊತ್ತು. ತೀರಿಹೋದ ನಮ್ಮಪ್ಪನ ಕೈಗಡಿಯಾರವನ್ನು ಅಣ್ಣ ನಿಮ್ಮ ಕೈಗೆ ರಿಪೇರಿಗೆಂದು ಕೊಟ್ಟು ಮೂರು ವರ್ಷವಾಯಿತು. ಕೇಳಿದಾಗಲೆಲ್ಲ "ಒಂದು ಸಣ್ಣ ಚಕ್ರ ಬರಬೇಕು ಭಾವ" ಎಂಬ ಅದೇ ರಾಗ. ಬಿಚ್ಚಿದೆ, ಜೋಡಿಸಲು ಬರಲಿಲ್ಲ ಎಂದು ಒಪ್ಪಿಕೊಳ್ಳಲು ನಿಮಗೆ ಮೂರು ವರ್ಷ ಸಾಲಲಿಲ್ಲ.

ಡ್ರಾಯರಿನಲ್ಲಿದ್ದ ಅದರ ಬಿಡಿಭಾಗಗಳನ್ನೆಲ್ಲ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡಿದ್ದೇನೆ. ಅಣ್ಣನಿಗೆ ತೋರಿಸುವುದಿಲ್ಲ, ಹೆದರಬೇಡಿ. ಅವನ ಬೀದಿಯಲ್ಲೇ ಒಬ್ಬ ಗಡಿಯಾರ ರಿಪೇರಿಯವನಿದ್ದಾನೆ, ಅವನಿಗೆ ಕೊಟ್ಟು ಬರುತ್ತೇನೆ. ರಸೀದಿಯಲ್ಲಿ ನಿಮ್ಮ ಹೆಸರನ್ನೇ ಬರೆಸುತ್ತೇನೆ.

ತರಲು ನೀವೇ ಹೋಗಬೇಕು.