ಅರಮನೆ ಹೊಲ

ಹಳೆಯ ಕಾಲದ್ದನ್ನು ಅಗೆದು ನೋಡುವ ಸಾಹೇಬರಿಗೆ ನಮಸ್ಕಾರ.

ಸರ್ವೆ ನಕ್ಷೆಯಲ್ಲಿ ‘ಅರಮನೆ ಹೊಲ’ ಎಂದಿರುವುದನ್ನು ನೋಡಿ, ಕೆಳಗೆ ಅರಮನೆ ಇರಬಹುದೆಂದು ಅಗೆಯಲು ಒಪ್ಪಿಗೆ ಕೇಳಿದ್ದೀರಿ. ಆ ಹೆಸರಿಟ್ಟವಳು ನಮ್ಮ ಮಗಳು. ಬದುವಿನ ಕಲ್ಲು ಜೋಡಿಸಿ ಅಲ್ಲಿ ಅರಮನೆ ಕಟ್ಟುತ್ತಿದ್ದಳು. ಸರ್ವೆಯವರು ಹೊಲದ ಹೆಸರು ಕೇಳಿದಾಗ ನಮ್ಮ ಯಜಮಾನರು, “ನಮ್ಮ ರಾಣಿ ಇಟ್ಟಿದ್ದೇ ಹೆಸರು, ಬರ್ಕೊಳ್ಳಿ” ಎಂದು ನಕ್ಕಿದ್ದರು.

ಆರು ವರ್ಷಕ್ಕೇ ಜ್ವರ ಬಂದು ಹೋಗಿಬಿಟ್ಟಳು. ಅವಳು ಮಾಡಿ, ನಾನು ಒಲೆಯಲ್ಲಿ ಸುಟ್ಟುಕೊಟ್ಟ ಮಣ್ಣಿನ ಬಟ್ಟಲುಗಳನ್ನು ಯಜಮಾನರು ಆ ಹೊಲದಲ್ಲೇ ಹೂತು ಬಂದರು. ಎಲ್ಲಿ ಎಂದು ನಾನು ಕೇಳಲಿಲ್ಲ. ಸಾಯುವತನಕ ಅವರೂ ಬಾಯಿ ಬಿಡಲಿಲ್ಲ.

ಅರಮನೆ ಸಿಗುವುದಿಲ್ಲ. ಆದರೂ ದಯವಿಟ್ಟು ಅಗೆಯಿರಿ. ಒಂದು ಬಟ್ಟಲಿನೊಳಗೆ ಪುಟ್ಟ ಹೆಬ್ಬೆರಳಿನ ಗುರುತಿದೆ. ಅದನ್ನು ಉಜ್ಜಿ ತೊಳೆಯಬೇಡಿ, ಹಾಗೇ ನನ್ನ ಕೈಗೆ ಕೊಡಿ.

ಇಂತಿ,
ರಾಣಿಯ ಅಮ್ಮ